ಆರ್‌ವಿಗೆ ಟಿವಿ ಡಿಶ್: ಛಾವಣಿಯ ಮೇಲೆ ಕೂರಿಸುವುದು ಒಳ್ಳೆಯದೋ, ನೆಲದ ಮೇಲಿಡುವುದೋ?

ನೀವು ಕೇಳಿರುವುದು ಇಷ್ಟು: ಮನೆ ಟೆಕ್ಸಾಸ್‌ನ ಡಾಲಸ್‌ನಲ್ಲಿ, ಹೊಸದಾಗಿ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಆರ್‌ವಿ, ಅಂದರೆ ಒಳಗೇ ಉಳಿಯಬಹುದಾದ ಮನೆಯಂಥ ಗಾಡಿ) ತಗೊಂಡಿದ್ದೀರಿ, ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಅವರನ್ನು ಕರೆದುಕೊಂಡು ವಾಷಿಂಗ್ಟನ್ ರಾಜ್ಯದ ಕಾಡುಗಳವರೆಗೆ ಹೋಗುವ ಯೋಚನೆ. ಸಂಜೆ ಹೊತ್ತು ಟಿವಿ ಬೇಕು. ಛಾವಣಿಗೆ ಡೋಮ್ (ಗುಮ್ಮಟದಂಥ ಮುಚ್ಚಳದೊಳಗಿನ ಪುಟ್ಟ ಡಿಶ್) ಹಾಕಿಸಲೋ, ನೆಲದ ಮೇಲಿಡುವುದು ಸಾಕೋ?

ಡೋಮ್ ಆಗಲಿ ತೆರೆದ ಡಿಶ್ ಆಗಲಿ, ನೆಲದ ಮೇಲಿಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಆದರೆ ಆಂಟೆನಾಗಿಂತ ಮೊದಲು ಕಂಪನಿ ತೀರ್ಮಾನವಾಗಬೇಕು. ಬಹಳ ಜನ ಮೊದಲು ಡೋಮ್ ಕೊಂಡು ಆಮೇಲೆ ಕಂಪನಿಗೆ ಫೋನ್ ಮಾಡುತ್ತಾರೆ, ಅಲ್ಲೇ ದುಡ್ಡು ಹಾಳಾಗುವುದು. ಅಮೆರಿಕದಲ್ಲಿ ಇರುವುದು ಎರಡೇ: ಡೈರೆಕ್‌ಟಿವಿ ಮತ್ತು ಡಿಶ್ ನೆಟ್‌ವರ್ಕ್. ಡೈರೆಕ್‌ಟಿವಿಯ ಎಚ್‌ಡಿ ಚಾನೆಲ್ಲುಗಳು ಮುಖ್ಯವಾಗಿ 99 ಮತ್ತು 103 ಡಿಗ್ರಿ ಪಶ್ಚಿಮ ರೇಖಾಂಶದ ಮೇಲಿನ ಉಪಗ್ರಹಗಳಿಂದ ಕಾ ಬ್ಯಾಂಡ್ ಎಂಬ ರೇಡಿಯೋ ತರಂಗಗಳಲ್ಲಿ ಬರುತ್ತವೆ. ಆರ್‌ವಿಗೆಂದು ಮಾರುವ ಪುಟ್ಟ ಡೋಮ್‌ಗಳು ಹಿಡಿಯುವುದು ಕು ಬ್ಯಾಂಡ್ ಎಂಬ ಬೇರೆ ತರಂಗಗಳನ್ನು ಮಾತ್ರ. ಹಾಗಾಗಿ ಡೈರೆಕ್‌ಟಿವಿಯ ಎಚ್‌ಡಿ ಬೇಕೆಂದರೆ ಮನೆಯ ಮೇಲಿರುವಂಥ ದೊಡ್ಡ ತೆರೆದ ಡಿಶ್ಶೇ ಆಗಬೇಕು: ಒಂದೋ ಟ್ರೈಪಾಡ್ ಮೇಲೆ, ಇಲ್ಲವೇ ಛಾವಣಿಯಲ್ಲಿ ತಾನೇ ಎದ್ದು ಮಡಚಿಕೊಳ್ಳುವ ದುಬಾರಿ ಯಂತ್ರ. ಡಿಶ್ ನೆಟ್‌ವರ್ಕ್‌ನ ಎಚ್‌ಡಿ 110, 119, 129 ಡಿಗ್ರಿಗಳಿಂದ ಕು ಬ್ಯಾಂಡ್‌ನಲ್ಲೇ ಬರುವುದರಿಂದ ಸಣ್ಣ ಡೋಮ್‌ಗೂ ಸಿಗುತ್ತದೆ. ಆರ್‌ವಿಯವರಿಗೆಂದೇ ಬೇಕಾದ ತಿಂಗಳಿಗಷ್ಟೇ ದುಡ್ಡು ಕಟ್ಟುವ ಪ್ಲಾನ್ ಕೂಡ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಮಾತ್ರ ಓಡಾಡುವ ನಿಮಗೆ ಇದೇ ಹೊಂದುತ್ತದೆ.

ಇನ್ನು ಮರದ ವಿಷಯ. ಆಯ್ಕೆ ನಿಂತಿರುವುದೇ ಇದರ ಮೇಲೆ. ಈ ಉಪಗ್ರಹಗಳೆಲ್ಲ ಭೂಮಧ್ಯ ರೇಖೆಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿವೆ, ಅಂದರೆ ನಮಗೆ ಯಾವತ್ತೂ ದಕ್ಷಿಣದ ಕಡೆ. ಡಾಲಸ್‌ನಲ್ಲಿ 119 ಡಿಗ್ರಿಯ ಉಪಗ್ರಹ ನೈಋತ್ಯಕ್ಕೆ, ನೆಲದಿಂದ ಸುಮಾರು 45 ಡಿಗ್ರಿ ಮೇಲಿರುತ್ತದೆ. 60 ಅಡಿ ಮರವಿದ್ದರೆ ಅದರಿಂದ 60 ಅಡಿ ಹಿಂದೆ ಸರಿದರೆ ಮುಗಿಯಿತು. ಸಿಯಾಟಲ್ ಹತ್ತಿರ ಅದೇ ಉಪಗ್ರಹ ಹೆಚ್ಚೂಕಡಿಮೆ ನೇರ ದಕ್ಷಿಣಕ್ಕೆ ಬರುತ್ತದೆ, ಎತ್ತರ 35 ಡಿಗ್ರಿಗೆ ಇಳಿಯುತ್ತದೆ. ಅದೇ 60 ಅಡಿ ಮರಕ್ಕೆ ಈಗ 85 ಅಡಿ ಅಂತರ ಬೇಕು. ಅಲ್ಲಿಯ ಡಗ್ಲಸ್ ಫರ್ ಮರಗಳಿಗೆ 150 ಅಡಿ ಎತ್ತರವೇನೂ ದೊಡ್ಡದಲ್ಲ, ಅದಕ್ಕೆ 210 ಅಡಿಗೂ ಮೇಲೆ ಬೇಕಾಗುತ್ತದೆ! ಎಲೆಯ ಸಂದಿಯಿಂದ ಬಿಸಿಲು ಬಿದ್ದ ಹಾಗೆ ಸಿಗ್ನಲ್ ಕೂಡ ಬರುತ್ತದೆ ಅಂದುಕೊಳ್ಳಬೇಡಿ. ಅದರಲ್ಲೂ ಮಳೆ ನಿಂತ ಮೇಲೆ ಒದ್ದೆ ಎಲೆಗಳು ಅದನ್ನು ಪೂರ್ತಿ ನುಂಗಿಬಿಡುತ್ತವೆ.

ಅಪ್ಪ ಅಮ್ಮ ಜೊತೆಗಿರುವಾಗ ಟ್ರೇಲರನ್ನು ನೀವು ನೆರಳಿನಲ್ಲೇ ನಿಲ್ಲಿಸುತ್ತೀರಿ, ನಿಲ್ಲಿಸಬೇಕು ಕೂಡ. ಡಿಶ್ ಛಾವಣಿಯ ಮೇಲಿದ್ದರೆ ಅದೂ ನೆರಳಿನಲ್ಲೇ ಇರುತ್ತದೆ. ನೆಲದ ಮೇಲಿನದಾದರೆ 50 ಅಡಿ ಕೇಬಲ್ ಎಳೆದು ಬಯಲಿಗೆ ಇಡಬಹುದು. ದಟ್ಟ ಕಾಡಿನಲ್ಲಿ ಅದೂ ಸಾಲದೆ ಹೋಗಬಹುದು, ನಿಜ. ಆದರೆ ಎರಡು ಮರಗಳ ನಡುವಿನ ಸಂದು ಹುಡುಕುವಾಗ ಹತ್ತಡಿ ಆಚೀಚೆ ಸರಿಸಿದ್ದಕ್ಕೇ ಚಿತ್ರ ಬಂದುಬಿಡುತ್ತದೆ. ಕ್ಯಾಂಪ್‌ಗ್ರೌಂಡ್ ಬುಕ್ ಮಾಡುವಾಗ ದಕ್ಷಿಣಕ್ಕೆ ತೆರೆದಿರುವ ಸೈಟ್ ಇದೆಯೇ ಎಂದು ಕೇಳಿ, ಗೊತ್ತಿದ್ದರೆ ಹೇಳುತ್ತಾರೆ.

ಛಾವಣಿಯ ಡೋಮ್‌ಗೂ ಅದರದೇ ಅನುಕೂಲವಿದೆ. ಮಳೆಯಲ್ಲಿ ಹೊರಗೆ ಹೋಗಬೇಕಿಲ್ಲ, ಕಳ್ಳತನದ ಭಯ ಕಡಿಮೆ, ದಿನಕ್ಕೊಂದು ಊರು ಸುತ್ತುವವರಿಗೆ ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಆದರೆ ಛಾವಣಿಗೆ ರಂಧ್ರ ಕೊರೆಯಬೇಕು, ಅದರ ಸುತ್ತ ನೀರು ಸೋರದಂತೆ ಬಳಿಯುವ ಸೀಲಂಟನ್ನು ಕಾಲಕಾಲಕ್ಕೆ ನೋಡಿಕೊಳ್ಳಬೇಕು, ಪಕ್ಕದ ಎ.ಸಿ. ಅಡ್ಡ ಬರದ ಜಾಗ ಹುಡುಕಬೇಕು. ಓಡುವಾಗಲೂ ಸಿಗ್ನಲ್ ಹಿಡಿಯುವ ಡೋಮ್ ತೋರಿಸಿದರೆ ಬೇಡವೆನ್ನಿ. ಟೆಕ್ಸಾಸ್‌ನಲ್ಲಿ ಎಳೆದೊಯ್ಯುತ್ತಿರುವ ಟ್ರೇಲರಿನೊಳಗೆ ಜನ ಕೂರುವುದೇ ಕಾನೂನಿಗೆ ವಿರುದ್ಧ. ಆ ಟಿವಿ ನೋಡುವವರು ಯಾರು? ಅದು ದೊಡ್ಡ ಮೋಟರ್‌ಹೋಮ್ (ಎಂಜಿನ್ ಇದ್ದು ತಾನೇ ಓಡುವ ಆರ್‌ವಿ) ಇರುವವರಿಗೆ.

ಅಂಗಡಿಯವರು ತಾವಾಗಿ ಹೇಳದ ಮಾತೊಂದಿದೆ. ತಾನೇ ಉಪಗ್ರಹ ಹುಡುಕುವ ಪುಟ್ಟ ಡೋಮ್ ಒಂದು ಸಲಕ್ಕೆ ಒಂದೇ ಉಪಗ್ರಹವನ್ನು ನೋಡುತ್ತದೆ. ನೀವು 110ರ ಚಾನೆಲ್ ಹಾಕಿದರೆ ಒಳಗಿನ ಡಿಶ್ ಆ ಕಡೆ ತಿರುಗುತ್ತದೆ, ಮಲಗುವ ಕೋಣೆಯಲ್ಲಿ 119ರ ಚಾನೆಲ್ ನೋಡುತ್ತಿರುವವರ ಚಿತ್ರ ಹೋಗುತ್ತದೆ. ಒಂದೇ ಟಿವಿಯಾದರೆ ಚಿಂತೆಯಿಲ್ಲ. ಎರಡು ಟಿವಿಯಲ್ಲಿ ಬೇರೆ ಬೇರೆ ನೋಡಬೇಕು, ಒಂದು ನೋಡುತ್ತಾ ಇನ್ನೊಂದು ರೆಕಾರ್ಡ್ ಮಾಡಬೇಕು ಅಂದರೆ ಟ್ರೈಪಾಡ್ ಮೇಲಿನ ತೆರೆದ ಡಿಶ್ ವಾಸಿ. ಅದು ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ, ಅಗಲ ಹೆಚ್ಚಿರುವುದರಿಂದ ಮಳೆಗೂ ಸ್ವಲ್ಪ ಹೆಚ್ಚು ತಡೆಯುತ್ತದೆ. ಕಂಬ ನೆಟ್ಟಗಿರುವುದನ್ನು ಮಟ್ಟ ನೋಡಿ, ದಿಕ್ಕು, ಎತ್ತರ, ಓರೆ ಮೂರನ್ನೂ ಕೈಯಲ್ಲೇ ಹೊಂದಿಸುವ ತಾಳ್ಮೆ ಬೇಕು ಅಷ್ಟೆ.

ಡಿಶ್ ನೆಟ್‌ವರ್ಕ್‌ಗೆಂದು ಬರುವ ಪುಟ್ಟ ಡೋಮ್‌ಗಳಿಗೆ ಕರೆಂಟ್ ಹೋಗುವುದು ರಿಸೀವರಿನಿಂದ (ಟಿವಿ ಪಕ್ಕದ ಸೆಟ್ ಟಾಪ್ ಬಾಕ್ಸ್), ಅದೇ ಕೇಬಲ್ಲಿನಲ್ಲಿ. ಟ್ರೇಲರಿನ ಹೊರಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದಾಗ ಮಧ್ಯದಲ್ಲಿ ಸ್ಪ್ಲಿಟರ್ (ಒಂದು ಕೇಬಲ್ಲನ್ನು ಎರಡಾಗಿ ಒಡೆಯುವ ತುಂಡು) ಇದ್ದರೆ ಕರೆಂಟ್ ತಲುಪದೆ ಡೋಮ್ ಅಲುಗಾಡುವುದೇ ಇಲ್ಲ. ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ಕಿಟಕಿಯಿಂದ ನೇರವಾಗಿ ರಿಸೀವರಿಗೇ ಕೇಬಲ್ ಎಳೆದು ನೋಡಿ.

ಸ್ಥಳೀಯ ಸುದ್ದಿ, ಹವಾಮಾನಕ್ಕೆ ಡಿಶ್ಶೇ ಬೇಡ. ಡಾಲಸ್‌ನ ಸ್ಥಳೀಯ ಚಾನೆಲ್ಲುಗಳು ಆ ಪ್ರದೇಶಕ್ಕಷ್ಟೇ ಬೀಳುವ ಕಿರಣದಲ್ಲಿ ಬರುವುದರಿಂದ ದೂರ ಹೋದಂತೆ ಕಣ್ಮರೆಯಾಗುತ್ತವೆ. ಟ್ರೇಲರಿನ ಮೇಲೆ ಮಾಮೂಲಿ ಟಿವಿ ಆಂಟೆನಾ ಇದ್ದರೆ ಅದರ 12 ವೋಲ್ಟಿನ ಬೂಸ್ಟರ್ ಸ್ವಿಚ್ ಹಾಕಿ, ಹೋದ ಊರಿನಲ್ಲೆಲ್ಲ ಒಂದು ಸಲ ಸ್ಕ್ಯಾನ್ ಮಾಡಿ. ಉಚಿತವಾಗಿ ಸಿಗುತ್ತವೆ.

ಕೊನೆಗೆ ಅಪ್ಪ ಅಮ್ಮನ ಕನ್ನಡ ಧಾರಾವಾಹಿಗಳು. ಅವನ್ನು ಡೋಮ್ ನಂಬಿ ಕೂರಬೇಡಿ. ಭಾರತದ ಚಾನೆಲ್ ಯಾವ ಉಪಗ್ರಹದಿಂದ ಬರುತ್ತದೆ, ಅದನ್ನು ನೀವು ಕೊಳ್ಳುವ ಮಾಡೆಲ್ ಹುಡುಕಬಲ್ಲದೇ ಎಂದು ಕೇಳಿಕೊಂಡೇ ದುಡ್ಡು ಕೊಡಿ. ಅವರಿಗೆ ಬೇಕಾಗಿರುವುದು ಅದೊಂದೇ ಆದರೆ ಡಿಶ್ ಬಿಟ್ಟು ಇಂಟರ್ನೆಟ್ ಕಡೆ ಹೋಗಿ. ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ 2022ರಿಂದ ಆರ್‌ವಿಯವರಿಗೆ ಪ್ಲಾನ್ ಕೊಡುತ್ತಿದೆ. 2024ರಲ್ಲಿ ಬಂದ ಮಿನಿ ಡಿಶ್ ಸುಮಾರು 25ರಿಂದ 40 ವ್ಯಾಟ್ ಎಳೆಯುತ್ತದೆ, ದೊಡ್ಡದು ಅದಕ್ಕಿಂತ ಹೆಚ್ಚು. ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟ್ ಇರುವ ಸೈಟ್ ಆದರೆ ಅದು ಲೆಕ್ಕಕ್ಕಿಲ್ಲ, ಬ್ಯಾಟರಿ ಮೇಲೆ ರಾತ್ರಿ ಕಳೆಯುವುದಾದರೆ ಮೊದಲೇ ಲೆಕ್ಕ ಹಾಕಿಕೊಳ್ಳಿ. ಸ್ಟಾರ್‌ಲಿಂಕ್‌ಗೂ ತೆರೆದ ಆಕಾಶ ಬೇಕು, ಆದರೆ ದಕ್ಷಿಣವೇ ಆಗಬೇಕೆಂದಿಲ್ಲ.