ಫಾರ್ಮ್ಯಾಟ್ ಮಾಡಿಸುವ ಮೊದಲು ಹಾರ್ಡ್ ಡಿಸ್ಕ್ ಪರೀಕ್ಷಿಸಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇಳುವುದು ಒಂದನ್ನೇ: ಮನೆಯ ಕಂಪ್ಯೂಟರ್ ನಿಧಾನವಾಗಿದೆ, ಫಾರ್ಮ್ಯಾಟ್ ಮಾಡಿಸಬೇಕೋ (ಎಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಬೇಕೋ), ಹೊಸದನ್ನು ಕೊಳ್ಳಬೇಕೋ? ಬಳ್ಳಾರಿಯಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಕಂಪ್ಯೂಟರ್ ದುರಸ್ತಿ ಮಾಡಿಕೊಂಡು ಬಂದಿರುವ ನನಗೆ ಹೆಚ್ಚು ಸಂಕಟ ತರುವುದು ಫಾರ್ಮ್ಯಾಟ್ ಮುಗಿದ ಮೇಲೆ ಬರೆಯುವವರ ಪತ್ರಗಳು. ಆ ಹೊತ್ತಿಗೆ ಹೇಳಲು ನನ್ನ ಬಳಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಈ ಬಾರಿ ಒಂದೇ ಪ್ರಶ್ನೆಗೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಬೇಡದ ತಂತ್ರಾಂಶ ತೆಗೆಯುವುದು, ವೈರಸ್ ಪರೀಕ್ಷೆ ನಡೆಸುವುದು ಮುಂತಾದವನ್ನು ನೀವು ಈಗಾಗಲೇ ಮಾಡಿ ನೋಡಿದ್ದೀರಿ ಎಂದೇ ಭಾವಿಸಿದ್ದೇನೆ.

ಪ್ರಶ್ನೆ: ನಾವು 2015ರಲ್ಲಿ ಕೊಂಡ ಕಂಪ್ಯೂಟರ್ ಆನ್ ಮಾಡಿದರೆ ಕೆಲಸಕ್ಕೆ ಸಿದ್ಧವಾಗಲು ಏಳೆಂಟು ನಿಮಿಷ ಬೇಕಾಗುತ್ತದೆ. ಇಂಟೆಲ್ ಐ3 ನಾಲ್ಕನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಇದೆ. ಒಂದು ಅಂಗಡಿಯವರು ಫಾರ್ಮ್ಯಾಟ್ ಮಾಡಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಇದು ಮುಗಿದ ಕಥೆ, ಹೊಸದನ್ನೇ ಕೊಳ್ಳಿ ಎನ್ನುತ್ತಾರೆ. ಹನ್ನೆರಡು ವರ್ಷಗಳ ಮನೆಯ ಫೋಟೊಗಳೆಲ್ಲ ಅದರಲ್ಲೇ ಇವೆ. ಯಾರ ಮಾತು ಕೇಳಬೇಕು? (ಸಿರುಗುಪ್ಪದ ಓದುಗರು)

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಇಬ್ಬರೂ ಯಂತ್ರವನ್ನು ತೆರೆದು ನೋಡದೆ ಮಾತನಾಡಿದ್ದಾರೆ. ಇಂದು ಸಂಜೆಯೇ ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್ ತಂದು ಫೋಟೊಗಳನ್ನು ಅದಕ್ಕೆ ನಕಲು ಮಾಡಿಕೊಳ್ಳಿ. ನಕಲಾದ ಮೇಲೆ ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಹತ್ತಿಪ್ಪತ್ತು ಫೋಟೊಗಳನ್ನು ತೆರೆದು ನೋಡಿ. ಅಲ್ಲಿಯವರೆಗೆ ಆ ಯಂತ್ರದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಬೇಡಿ. ನಕಲು ಮಾಡುವಾಗ ಯಾವುದೋ ಒಂದು ಕಡತದ ಬಳಿ ನಿಮಿಷಗಟ್ಟಲೆ ನಿಂತುಹೋದರೆ, ಅಥವಾ ಡಬ್ಬಿಯೊಳಗಿನಿಂದ ಟಕ್, ಟಕ್ ಎಂಬ ಸದ್ದು ಒಂದೇ ಅಂತರದಲ್ಲಿ ಕೇಳಿಬಂದರೆ, ಕೂಡಲೇ ಆಫ್ ಮಾಡಿ ದತ್ತಾಂಶ ಹೊರತೆಗೆಯುವುದನ್ನು ಬಲ್ಲವರ ಕೈಗೆ ಕೊಡಿ.

ನಕಲು ಮುಗಿಯಿತು ಎಂದಿಟ್ಟುಕೊಳ್ಳೋಣ. ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಏನನ್ನೂ ತೆರೆಯದೆ ಸುಮ್ಮನೆ ಬಿಟ್ಟಿರುವಾಗಲೂ ಡಿಸ್ಕ್ ಎಂಬ ಕಂಬಸಾಲಿನಲ್ಲಿ 100 ಪ್ರತಿಶತ ಎಂದು ಕೆಂಪಾಗಿ ನಿಂತಿದೆಯೇ? ನಿಮ್ಮ ವಿವರ ಓದಿದರೆ ಹಾಗೆಯೇ ಇರುತ್ತದೆ ಎಂದು ನನಗೆ ಬಹುಮಟ್ಟಿಗೆ ಖಾತ್ರಿಯಿದೆ. ಹಾಗಿದ್ದರೆ ನಿಮ್ಮ ಪ್ರೊಸೆಸರ್‌ಗೆ ವಯಸ್ಸಾಗಿಲ್ಲ, ಅದು ಹಾರ್ಡ್ ಡಿಸ್ಕಿನ ದಾರಿ ಕಾಯುತ್ತಾ ಕುಳಿತಿದೆ.

ಇದರ ಕಾರಣ ತಿಳಿದುಕೊಂಡರೆ ಮುಂದೆ ಯಾರೂ ನಿಮಗೆ ಮೋಸ ಮಾಡಲಾರರು. ಹಾರ್ಡ್ ಡಿಸ್ಕಿನ ಒಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಿದೆ. ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಅದನ್ನು ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಆ ಸಾಲಿಗೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್ ಬೇಕು. ಒಟ್ಟಾರೆ ಚದುರಿಬಿದ್ದ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ ಎಂಬತ್ತು, ಹೆಚ್ಚೆಂದರೆ ನೂರರಷ್ಟು ಬಾರಿ ಮಾತ್ರ ಓದಬಲ್ಲದು. ವಿಂಡೋಸ್ 10 ಆನ್ ಆಗುವಾಗ ಇಂತಹ ಸಾವಿರಾರು ತುಣುಕುಗಳನ್ನು ಕೇಳುತ್ತದೆ. ದತ್ತಾಂಶವನ್ನು ಚಿಪ್‌ಗಳಲ್ಲಿ ಇಡುವ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಾಡುತ್ತದೆ. ಜೊತೆಗೆ ನಿಮ್ಮ 4 ಜಿಬಿ ರ‍್ಯಾಮ್ ತುಂಬಿದಾಗ, ಹಿಡಿಸದೆ ಉಳಿದದ್ದನ್ನು ವಿಂಡೋಸ್ ಇದೇ ಬಡಪಾಯಿ ಹಾರ್ಡ್ ಡಿಸ್ಕಿನ ಮೇಲೆ ಬರೆದು, ಮತ್ತೆ ಓದುತ್ತಾ ಕೂರುತ್ತದೆ.

ಫಾರ್ಮ್ಯಾಟ್ ಮಾಡಿದರೆ ಈ ಲೆಕ್ಕದಲ್ಲಿ ಏನು ಬದಲಾಗುತ್ತದೆ? ತಟ್ಟೆಯ ವೇಗ ಬದಲಾಗುವುದಿಲ್ಲ. ಕೇಳುವ ತುಣುಕುಗಳು ಕೆಲವು ಕಾಲ ಕಡಿಮೆಯಾಗುತ್ತವೆ, ಅಷ್ಟೆ. ಎರಡು ತಿಂಗಳಲ್ಲಿ ಅಪ್‌ಡೇಟ್‌ಗಳು, ಬ್ರೌಸರ್, ಪ್ರಿಂಟರಿನ ತಂತ್ರಾಂಶ ಎಲ್ಲವೂ ಮರಳಿ ಸೇರಿ ಯಂತ್ರ ಮೊದಲಿನ ಸ್ಥಿತಿಗೇ ಬರುತ್ತದೆ.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಹಾರ್ಡ್ ಡಿಸ್ಕ್ ನಿಧಾನವಾಗಿರುವುದಷ್ಟೇ ಅಲ್ಲದೆ ಸಾಯುತ್ತಲೂ ಇರಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಎರಡು ಸಾಲುಗಳಿರುತ್ತವೆ. ಸೆಕ್ಟರ್ ಎಂದರೆ ತಟ್ಟೆಯ ಮೇಲಿನ ಒಂದು ಸಣ್ಣ ತುಂಡು ಜಾಗ. ಮೊದಲನೆಯದು ಈಗಾಗಲೇ ಕೆಟ್ಟು, ಬದಲಿ ಜಾಗ ಪಡೆದ ಸೆಕ್ಟರ್‌ಗಳ ಎಣಿಕೆ. ಎರಡನೆಯದು ಓದಲು ತಡಕಾಡಿಸುತ್ತಿರುವ ಸೆಕ್ಟರ್‌ಗಳ ಎಣಿಕೆ. ಈ ಎರಡನೆಯ ಸಾಲಿನ ಕೊನೆಯ ಸಂಖ್ಯೆ ಸೊನ್ನೆಯಾಗಿರದಿದ್ದರೆ ನಾನು ಆ ಡಿಸ್ಕನ್ನು ನಂಬುವುದಿಲ್ಲ, ನೀವೂ ನಂಬಬಾರದು. ಅಂಗಡಿಗಳಲ್ಲಿ ಮಾಡುವ ಕ್ವಿಕ್ ಫಾರ್ಮ್ಯಾಟ್ ಡಿಸ್ಕಿನ ಮೇಲ್ಮೈಯನ್ನು ಪರೀಕ್ಷಿಸುವುದೇ ಇಲ್ಲ, ಕಡತಗಳ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಹೊಸ ವಿಂಡೋಸ್ ಒಳ್ಳೆಯ ಜಾಗದಲ್ಲಿ ಕುಳಿತರೆ ಯಂತ್ರ ಗುಣವಾದಂತೆ ಕಾಣುತ್ತದೆ, ಕೆಟ್ಟ ಜಾಗಕ್ಕೆ ಕಡತಗಳು ಬಂದ ದಿನ ಮತ್ತೆ ಮಲಗುತ್ತದೆ. ಗ್ರಾಹಕರು ಎರಡನೆಯ ಸಲ ದುಡ್ಡು ಕೊಡುತ್ತಾರೆ. ಹಾರ್ಡ್ ಡಿಸ್ಕಿನ ಆರೋಗ್ಯ ನೋಡದೆ ಫಾರ್ಮ್ಯಾಟಿಗೆ ಕೈ ಹಾಕುವವರನ್ನು ನಾನು ತಂತ್ರಜ್ಞರೆಂದು ಕರೆಯಲಾರೆ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಕಸುಬಿನ ಆರಂಭದ ವರ್ಷಗಳಲ್ಲಿ ಒಂದು ಮನೆಗೆ ಹೋಗಿದ್ದೆ. ಮುಖ್ಯವಾದದ್ದೆಲ್ಲ ಡಿ ಡ್ರೈವಿನಲ್ಲಿದೆಯೇ ಎಂದು ಕೇಳಿದೆ, ಹೌದು ಎಂದರು, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದೆ. ಆ ಮನೆಯ ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ ಡೆಸ್ಕ್‌ಟಾಪ್ ಮೇಲಿತ್ತು. ಡೆಸ್ಕ್‌ಟಾಪ್ ಎಂಬುದು ಸಿ ಡ್ರೈವಿನೊಳಗಿನ ಒಂದು ಫೋಲ್ಡರ್ ಎಂದು ಅವರಿಗೆ ತಿಳಿದಿರಲಿಲ್ಲ, ನಾನು ನನ್ನ ಕಣ್ಣಿನಿಂದ ನೋಡಿಕೊಳ್ಳಬೇಕಿತ್ತು. ಮೂರು ದಿನ ಕೂತು ಹೊರತೆಗೆದದ್ದರಲ್ಲಿ ಅರೆಬರೆ ತುಣುಕುಗಳು ಸಿಕ್ಕವು, ಹಾಡು ಸಿಗಲಿಲ್ಲ. ಅಜ್ಜಿ ಆಗಲೇ ತೀರಿಕೊಂಡಿದ್ದರು. ಅಂದಿನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ಇವನ್ನು ಒಂದೊಂದಾಗಿ ತೆರೆದು, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿ ಬರೆಯದೆ ನಾನು ಯಾವ ಡಿಸ್ಕನ್ನೂ ಮುಟ್ಟಿಲ್ಲ. ಡಿ ಡ್ರೈವ್ ಸುರಕ್ಷಿತ ಎಂಬ ನಂಬಿಕೆಯೂ ಪೊಳ್ಳು: ಸಾಮಾನ್ಯವಾಗಿ ಸಿ, ಡಿ ಎರಡೂ ಒಂದೇ ತಟ್ಟೆಯ ಮೇಲಿನ ಎರಡು ಭಾಗಗಳು, ಸತ್ತರೆ ಒಟ್ಟಿಗೆ ಸಾಯುತ್ತವೆ.

ಇನ್ನು ಡಬ್ಬಿ ತೆರೆಸಿ ನೋಡಿ. ಕಳೆದ ಬೇಸಿಗೆಯಲ್ಲಿ ಸಂಡೂರಿನಿಂದ ಬಂದ ಒಂದು ಯಂತ್ರದ ಪ್ರೊಸೆಸರಿನ ಮೇಲಿದ್ದ ಫ್ಯಾನ್ ಬಿಚ್ಚಿದಾಗ, ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೆಂಪು ಧೂಳು ಕಂಬಳಿಯ ತುಂಡಿನಂತೆ ಒತ್ತಾಗಿ ಕೂತಿತ್ತು. ಬೆರಳಲ್ಲಿ ಎಳೆದರೆ ಇಡೀ ಹಾಳೆಯಾಗಿ ಎದ್ದು ಬಂತು. ಕೆಳಗೆ ಪ್ರೊಸೆಸರಿನ ಬಿಸಿಯನ್ನು ರೆಕ್ಕೆಗಳಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿತ್ತು. ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಇಷ್ಟು ಬಿಸಿಗಾಳಿಯಲ್ಲಿ ಧೂಳಿನ ಕಂಬಳಿಯನ್ನೂ ಹೊದಿಸಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮುಂಜಾನೆ ಚೆನ್ನಾಗಿ ನಡೆದು ಮಧ್ಯಾಹ್ನ ಕುಂಟುವ ಯಂತ್ರಗಳ ರೋಗ ಬಹುತೇಕ ಇದೇ. ಶುಚಿ ಮಾಡಿಸಿ, ಹೊಸ ಪೇಸ್ಟ್ ಹಚ್ಚಿಸಿ. ಅದೇ ಸಮಯದಲ್ಲಿ ಮದರ್‌ಬೋರ್ಡ್ ಮೇಲಿನ ಉರುಳೆಯಾಕಾರದ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ಎಂದು ಕಣ್ಣಾರೆ ನೋಡಿ. ಉಬ್ಬಿದ್ದರೆ ಆ ಯಂತ್ರಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಅದು ಸರಿಯಿದ್ದರೆ ನನ್ನ ತೀರ್ಮಾನ ಇದು. ಹಾರ್ಡ್ ಡಿಸ್ಕಿನ ಜಾಗಕ್ಕೆ 240 ಅಥವಾ 256 ಜಿಬಿಯ, ಸಾಟಾ ಎಂಬ ಅದೇ ತಂತಿಗೆ ಕೂರುವ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸನ್ನು ಅದರ ಮೇಲೆ ಹೊಸದಾಗಿ ಹಾಕಿಸಿ. ಮದರ್‌ಬೋರ್ಡ್ ಅದೇ ಆಗಿರುವುದರಿಂದ ನಿಮ್ಮ ಅಸಲಿ ವಿಂಡೋಸ್ 10 ಇಂಟರ್‌ನೆಟ್ ಸಿಕ್ಕೊಡನೆ ತಾನಾಗಿ ಸಕ್ರಿಯವಾಗುತ್ತದೆ, ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ಏಳೆಂಟು ನಿಮಿಷದ ಕಾಯುವಿಕೆ ಒಂದು ನಿಮಿಷದ ಒಳಗೆ ಬರುತ್ತದೆ. ಎಸ್‌ಎಸ್‌ಡಿಗೆ ಹಾಕಿದ ದುಡ್ಡು ನಷ್ಟವೂ ಅಲ್ಲ, ನಾಳೆ ಹೊಸ ಯಂತ್ರ ಕೊಂಡರೆ ಅದನ್ನು ಕಳಚಿ ಅಲ್ಲಿಗೆ ಹಾಕಿಕೊಳ್ಳಬಹುದು. ರ‍್ಯಾಮ್ ವಿಷಯ ಹಾಗಲ್ಲ. ನಿಮ್ಮದು ಡಿಡಿಆರ್3 ಎಂಬ ಹಳೆಯ ಬಗೆ, ಈಗಿನ ಯಂತ್ರಗಳಿಗೆ ಅದು ಕೂರುವುದಿಲ್ಲ. ಆದ್ದರಿಂದ ಇನ್ನೊಂದು 4 ಜಿಬಿಯನ್ನು, ಬೇರೆಯವರು ಬಳಸಿದ್ದಾದರೂ ಸರಿ, ಪರೀಕ್ಷಿಸಿದ್ದನ್ನು ನೋಡಿ ಕಡಿಮೆ ಬೆಲೆಗೆ ಕೊಳ್ಳಿ. ಎಲ್ಲ ಸೇರಿ ಖರ್ಚು ಹೊಸ ಕಂಪ್ಯೂಟರಿನ ಬೆಲೆಯ ಮೂರನೇ ಒಂದು ಭಾಗವನ್ನು ದಾಟಿದರೆ ದುರಸ್ತಿ ಕೈಬಿಡಿ.

ಆದರೆ ಒಂದು ಅಡ್ಡಿಯನ್ನು ಮುಚ್ಚಿಡಲಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ಹೆಚ್ಚುವರಿ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಏರ್ಪಾಡಿತ್ತು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರನ್ನೂ, ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಕೇಳುತ್ತದೆ. ನಿಮ್ಮ ನಾಲ್ಕನೇ ತಲೆಮಾರಿಗೆ ಆ ಬಾಗಿಲು ಮುಚ್ಚಿದೆ. ನಿಯಮ ತಪ್ಪಿಸಿ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ, ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಆದ್ದರಿಂದ ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ, ತೆರಿಗೆ ಕೆಲಸ ನಡೆಯುತ್ತಿದ್ದರೆ ಹೊಸ ಯಂತ್ರಕ್ಕೆ ಈಗಿನಿಂದಲೇ ದುಡ್ಡು ಕೂಡಿಡಿ. ಮಕ್ಕಳ ಓದು, ಪತ್ರ ಬರೆಯುವುದು, ವಿಡಿಯೊ ಪಾಠ ನೋಡುವುದು ಇಷ್ಟೇ ಆಗಿದ್ದರೆ ಎಸ್‌ಎಸ್‌ಡಿಯ ಮೇಲೆ ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿ. ನನ್ನ ಮನೆಯಲ್ಲಿ ಇದೇ ತಲೆಮಾರಿನ ಯಂತ್ರವೊಂದು ಹಾಗೆಯೇ ಓಡುತ್ತಿದೆ.

ಪ್ರಶ್ನೆ: ಆರು ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡಿಸಿದರೆ ಕಂಪ್ಯೂಟರಿನ ಆಯಸ್ಸು ಹೆಚ್ಚುತ್ತದೆಯೇ? (ಸಿಂಧನೂರು)

ಉತ್ತರ: ಇಲ್ಲ. ಹೆಚ್ಚುವುದು ಹಾಗೆ ಹೇಳಿದವರ ಆದಾಯ ಮಾತ್ರ.

ಪ್ರಶ್ನೆ: ಫಾರ್ಮ್ಯಾಟ್ ಆದ ಮೇಲೆ ನನ್ನ ಹಳೆಯ ಕನ್ನಡ ಕಡತಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ. ವೈರಸ್ ಇರಬಹುದೇ? (ಕೊಪ್ಪಳ)

ಉತ್ತರ: ವೈರಸ್ ಅಲ್ಲ, ಕಡತಗಳೂ ಕೆಟ್ಟಿಲ್ಲ. ನೀವು ಅವನ್ನು ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಬರೆದಿದ್ದೀರಿ, ಸಿ ಡ್ರೈವಿನೊಂದಿಗೆ ಆ ಫಾಂಟ್ ಅಳಿಸಿಹೋಗಿದೆ. ನುಡಿಯನ್ನು ಮತ್ತೆ ಹಾಕಿಸಿ, ಕಡತ ತೆರೆದು ಅಕ್ಷರಗಳಿಗೆ ಅದೇ ಫಾಂಟ್ ಕೊಡಿ. ಓದಲು ಬಂದ ಕೂಡಲೇ ಯುನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಿ. ದಯವಿಟ್ಟು ಆ ಕಡತಗಳನ್ನು ಅಳಿಸಬೇಡಿ. ಹೀಗೆ ಹೆದರಿ ವರ್ಷಗಳ ಬರವಣಿಗೆಯನ್ನು ಅಳಿಸಿದ ಶಿಕ್ಷಕರೊಬ್ಬರನ್ನು ನಾನು ಬಲ್ಲೆ.

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ಟ್ಯಾಲಿ ಲೆಕ್ಕವಿರುವ ಕಂಪ್ಯೂಟರನ್ನು ಫಾರ್ಮ್ಯಾಟ್‌ಗೆ ಕೊಡಬಹುದೇ? (ಗಂಗಾವತಿ)

ಉತ್ತರ: ಟ್ಯಾಲಿಯ ದತ್ತಾಂಶದ ಫೋಲ್ಡರ್ ಎಲ್ಲಿದೆ ಎಂದು ನಿಮ್ಮ ಲೆಕ್ಕಿಗರು ಬೆರಳಿಟ್ಟು ತೋರಿಸುವವರೆಗೆ ಕೊಡಬೇಡಿ. ಬದಲಾಯಿಸದಿದ್ದರೆ ಅದು ಸಿ ಡ್ರೈವಿನಲ್ಲೇ ಇರುತ್ತದೆ. ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಕೊನೆಯ ದಿನದ ಬಾಕಿ ತಾಳೆಯಾದ ಮೇಲೆ ಮಾತ್ರ ಮುಂದಿನ ಮಾತು.

ಪ್ರಶ್ನೆ: ಪ್ರತಿದಿನ ಗಡಿಯಾರ ಹಿಂದಿನ ವರ್ಷಗಳಿಗೆ ಹೋಗುತ್ತದೆ, ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ. ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ. (ಕುಷ್ಟಗಿ)

ಉತ್ತರ: ಮದರ್‌ಬೋರ್ಡ್ ಮೇಲೆ ನಾಣ್ಯದಂತಿರುವ ಸಿಆರ್2032 ಸೆಲ್ ಮುಗಿದಿರಬೇಕು, ಮೊದಲು ಅದನ್ನು ಬದಲಾಯಿಸಿ. ದಿನಾಂಕ ತಪ್ಪಿದ್ದರೆ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ಇಷ್ಟು ಸಣ್ಣ ಸೆಲ್ಲಿಗೆ ಬೋರ್ಡ್ ಬದಲಾಯಿಸಲು ಹೇಳಿದ ಅಂಗಡಿಯ ಮೆಟ್ಟಿಲನ್ನು ಇನ್ನು ಹತ್ತಬೇಡಿ.

ಪ್ರಶ್ನೆ: ವೇಗ ಹೆಚ್ಚಿಸುವ ಕ್ಲೀನರ್ ತಂತ್ರಾಂಶಗಳಲ್ಲಿ ಯಾವುದು ಒಳ್ಳೆಯದು? (ಮಾನ್ವಿ)

ಉತ್ತರ: ಯಾವುದೂ ಅಲ್ಲ.

ಪ್ರಶ್ನೆ: ಕಂಪನಿಯವರೆಂದು ಫೋನ್ ಮಾಡಿ, ನಿಮ್ಮ ಕಂಪ್ಯೂಟರ್ ನಿಧಾನವಾಗಲು ವೈರಸ್ ಕಾರಣ, ಇಲ್ಲಿಂದಲೇ ಸರಿಪಡಿಸುತ್ತೇವೆ ಎಂದರು. ಒಂದು ಆ್ಯಪ್ ಹಾಕಿಸಿದರು. (ರಾಯಚೂರು)

ಉತ್ತರ: ಇಂಟರ್‌ನೆಟ್ ತಂತಿಯನ್ನು ಈಗಲೇ ಕಿತ್ತುಹಾಕಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ಬೇರೆ ಯಂತ್ರದಿಂದ ಎಲ್ಲ ಪಾಸ್‌ವರ್ಡ್ ಬದಲಾಯಿಸಿ. ಫಾರ್ಮ್ಯಾಟ್ ಮಾಡಿಸಲೇಬೇಕು ಎಂದು ನಾನು ಹೇಳುವ ಸಂದರ್ಭಗಳಲ್ಲಿ ಇದೂ ಒಂದು, ಅದೂ ಫೋಟೊ, ಕಾಗದಪತ್ರಗಳ ನಕಲು ತೆಗೆದಿಟ್ಟುಕೊಂಡ ನಂತರ.

ಪ್ರಶ್ನೆ: ಹಳೆಯ ಸಿಪಿಯು ಗುಜರಿಗೆ ಹಾಕುತ್ತಿದ್ದೇನೆ. ಫಾರ್ಮ್ಯಾಟ್ ಮಾಡಿ ಕೊಟ್ಟರೆ ಸಾಕಲ್ಲವೇ? (ಬಳ್ಳಾರಿ)

ಉತ್ತರ: ಸಾಲದು. ಕ್ವಿಕ್ ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕಿನಿಂದ ನಿಮ್ಮ ಆಧಾರ್ ಪ್ರತಿ, ಪಾಸ್‌ಬುಕ್ ಚಿತ್ರ, ಮನೆಯವರ ಫೋಟೊಗಳನ್ನು ಹೊರತೆಗೆಯಲು ಬಲ್ಲವರಿಗೆ ಒಂದು ಸಂಜೆ ಸಾಕು. ಹಾರ್ಡ್ ಡಿಸ್ಕನ್ನು ಹಿಡಿದಿರುವ ನಾಲ್ಕು ಸ್ಕ್ರೂ ಬಿಚ್ಚಿ, ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಉಳಿದ ಡಬ್ಬಿಯನ್ನು ತಂತಿ ಸುಟ್ಟು ತಾಮ್ರ ತೆಗೆಯುವವರಿಗೆ ಕೊಡದೆ, ಇ-ತ್ಯಾಜ್ಯ ಪಡೆಯಲು ನೋಂದಣಿ ಇರುವವರಿಗೇ ತಲುಪಿಸಿ.