ಗಿಡ ಹಚ್ಚಲಾಕ ಡಿಗ್ರಿ ಯಾಕ?

ಪ್ರಶ್ನೆ: ಅಕ್ಕ, ನಾನು ದ್ವಿತೀಯ ಪಿಯು ಸೈನ್ಸ್ ಓದುತ್ತಿದ್ದೇನೆ. ಮುಂದೆ ತೋಟಗಾರಿಕೆ ಓದಿ, ಜಾಸ್ತಿ ನೀರು ಕೇಳದ ಉದ್ಯಾನಗಳನ್ನು ಮಾಡುವ ಲ್ಯಾಂಡ್‌ಸ್ಕೇಪಿಂಗ್ ಕೆಲಸ ಹಿಡಿಯಬೇಕು ಅಂತ ಆಸೆ. ಅಪ್ಪ "ಗಿಡ ಹಚ್ಚಲಾಕ ಡಿಗ್ರಿ ಯಾಕ ಬೇಕು?" ಅಂತಾರೆ. ಏನು ಹೇಳಲಿ?
– ವಿದ್ಯಾರ್ಥಿನಿ, ಜೇವರ್ಗಿ

ಉತ್ತರ: ತಂಗಿ, ನಮ್ಮ ಮನೆಯಲ್ಲೂ ಇದೇ ಮಾತು ಕೇಳಿದ್ದೆ. ಹಾಗಾಗಿ ಓದದೆಯೇ ನರ್ಸರಿ ಶುರು ಮಾಡಿದೆ. ಕಲಬುರಗಿಯ ಹೊಸ ಬಡಾವಣೆಯೊಂದರಲ್ಲಿ 60 ಬೇವಿನ ಸಸಿ ಹಚ್ಚುವ ಕೆಲಸ ಸಿಕ್ಕಿತು. ಎರೆ ಮಣ್ಣಿನಲ್ಲಿ ಎರಡು ಅಡಿ ಗುಂಡಿ ತೋಡಿಸಿ, ಕೆಂಪು ಮಣ್ಣು, ಗೊಬ್ಬರ ತುಂಬಿಸಿದೆ. ಬಿಸಿಲು ಜಾಸ್ತಿ ಅಂತ ದಿನಾ ನೀರು ಹಾಕಿಸಿದೆ. ಮೂರನೇ ವಾರಕ್ಕೆ ಎಲೆ ಹಳದಿಯಾದವು. ನೀರು ಸಾಲುತ್ತಿಲ್ಲ ಅಂದುಕೊಂಡು ಇನ್ನಷ್ಟು ಹಾಕಿಸಿದೆ. ಕೊನೆಗೆ ಒಂದು ಸಸಿ ಕಿತ್ತು ನೋಡಿದರೆ ಬೇರುಗಳೆಲ್ಲ ಕಪ್ಪು, ಮೋರಿ ವಾಸನೆ. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಬಂತು, ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯಿತು.

ಎರೆ ಮಣ್ಣು ನೆನೆದರೆ ಉಬ್ಬಿ ಬಿಗಿಯುತ್ತದೆ. ನೀರು ಕೆಳಗಿಳಿಯುವುದು ಬಹಳ ನಿಧಾನ. ಸಡಿಲ ಮಣ್ಣು ತುಂಬಿದ ನನ್ನ ಗುಂಡಿ ತೂತಿಲ್ಲದ ಕುಂಡದಂತಾಗಿತ್ತು. ನೆಲದಿಂದ ಒಂದು ಗೇಣು ಎತ್ತರಿಸಿ, ದಿಬ್ಬದ ಮೇಲೆ ಹಚ್ಚಿದ್ದರೆ ಉಳಿಯುತ್ತಿದ್ದವು. ಮಣ್ಣಿನ ಪಾಠ ಓದಿದವರಿಗೆ ಇದು ಮೊದಲೇ ತಿಳಿದಿರುತ್ತದೆ. ನನಗೆ ತಿಳಿದದ್ದು ನಲವತ್ತು ಗಿಡ ಸತ್ತ ಮೇಲೆ. ಅದಕ್ಕೇ, ಓದು ಅನ್ನುತ್ತೇನೆ.

ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಕಾಲೇಜು ನಮ್ಮ ಬೀದರ್‌ನಲ್ಲೇ ಇದೆ. ಬಿಎಸ್ಸಿ ತೋಟಗಾರಿಕೆ 4 ವರ್ಷ, ಸೀಟು ಸಿಇಟಿ ಮೂಲಕ. ಹೊಲ ಇರುವವರ ಮಕ್ಕಳಿಗೆ ಕೃಷಿಕ ಕೋಟಾ ಉಂಟು. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ. ಎಂಎಸ್ಸಿಯಲ್ಲಿ ಪುಷ್ಪಕೃಷಿ ಮತ್ತು ಲ್ಯಾಂಡ್‌ಸ್ಕೇಪಿಂಗ್ ಅಂತಲೇ ಒಂದು ವಿಷಯವಿದೆ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆಗುವ ದಾರಿ ಬೇರೆ, ಅದಕ್ಕೆ ಬಿ.ಆರ್ಕ್ ಕಡೆಯಿಂದ ಹೋಗಬೇಕು.

ಕೆಲಸಕ್ಕೆ ಇಳಿದ ಮೇಲೆ ಎಲ್ಲರೂ ಕೇಳುವುದು ಲಾನ್. ಆಗ ನಿನಗೆ ಲೆಕ್ಕ ಹೇಳಲು ಬರಬೇಕು. 1000 ಚದರ ಅಡಿ ಹುಲ್ಲಿಗೆ ದಿನಕ್ಕೆ ಬರೀ 5 ಮಿಲಿಮೀಟರ್ ನೀರು ಕೊಟ್ಟರೂ ಸುಮಾರು 465 ಲೀಟರ್ ಆಗುತ್ತದೆ. ನಮ್ಮೂರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಮನೆಗಳಿವೆ, ಅಲ್ವಾ? ಆ ನೀರು ಹುಲ್ಲಿಗೆ ಸುರಿಯುವುದು ನನಗೆ ಸಹಿಸಲಾಗದು. ಬೇವು, ಹೊಂಗೆ ಒಮ್ಮೆ ಬೇರೂರಿದರೆ 42 ಡಿಗ್ರಿ ಬಿಸಿಲಿನಲ್ಲೂ ನೆರಳು ಕೊಡುತ್ತವೆ. ಇದನ್ನು ಗಿರಾಕಿಗೆ ಸಮಾಧಾನವಾಗಿ ತಿಳಿಸಿ ಒಪ್ಪಿಸುವುದೂ ಈ ಕೆಲಸದ ಭಾಗ.

ಸಿಇಟಿವರೆಗೆ ಸುಮ್ನೆ ಕಾಯಬೇಡ. ನಿಮ್ಮ ಹೊಲದಲ್ಲಿ ಒಂದಡಿ ಗುಂಡಿ ತೋಡಿ, ಸಂಜೆ ನೀರು ತುಂಬಿಸು. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಬೆಳಿಗ್ಗೆ ಎಷ್ಟು ಉಳಿದಿದೆ ಅಂತ ಕೋಲಿಟ್ಟು ಅಳೆ. ಅಪ್ಪನನ್ನೂ ಜೊತೆಗೆ ಕರಕೊಂಡು ಹೋಗು. ಮಳೆಗಾಲದಲ್ಲಿ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ತೊಗರಿ ಸೊರಗುತ್ತದೆ ಅಂತ ಅವರನ್ನು ಕೇಳಿ ಬರೆದಿಟ್ಟುಕೋ.