ಡೀಲರ್‌ಗಳನ್ನು ವಿದೇಶಕ್ಕೆ ಕರೆದೊಯ್ಯುವ ಮುನ್ನ

ಪ್ರಶ್ನೆ: ನಮ್ಮದು ಬೀಜ, ಕೀಟನಾಶಕದ ವಿತರಣಾ ಸಂಸ್ಥೆ. ಟಾರ್ಗೆಟ್ ಮುಟ್ಟಿದ ನಲವತ್ತು ಡೀಲರ್‌ಗಳಿಗೆ ಈ ಸಲ ವಿದೇಶದಲ್ಲಿ ಮೀಟ್ ಇಡುತ್ತಿದ್ದೇವೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹೊಸದುರ್ಗ ಕಡೆಯವರು, ಹೆಚ್ಚಿನವರು ವಿಮಾನ ಹತ್ತುವುದೇ ಮೊದಲು. ಕಠ್ಮಂಡು, ಕೊಲಂಬೊ, ಪಟ್ಟಾಯ ಮೂರಕ್ಕೂ ಕೊಟೇಶನ್ ಬಂದಿದೆ. ಯಾವುದು ಸೇಫ್? ನಮ್ಮ ಮಾಲೀಕರು ಅಗ್ಗದ್ದನ್ನೇ ಓಕೆ ಮಾಡು ಅನ್ನುತ್ತಿದ್ದಾರೆ.
– ಸೇಲ್ಸ್ ಮ್ಯಾನೇಜರ್, ಪಿ.ಬಿ. ರಸ್ತೆ, ದಾವಣಗೆರೆ

ಉತ್ತರ: ಮೊದಲು ಆ ನಲವತ್ತು ಜನರ ಪಟ್ಟಿ ತೆಗೆದು ಎದುರಿಗಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಯಾರಿಗಿದೆ, ಸ್ಟೆಂಟ್ ಯಾರಿಗೆ ಹಾಕಿದೆ, ಈಜು ಬಾರದವರು ಎಷ್ಟು ಜನ? ಇದನ್ನು ಕೇಳದೆ ದೇಶ ಆರಿಸುವವರೇ ಹೆಚ್ಚು. ನಿಮ್ಮ ಡೀಲರ್‌ಗೆ ‘ನಾನು ಬರಲ್ಲ’ ಅನ್ನುವುದು ಸುಲಭವಲ್ಲ. ಮುಂಗಾರಿಗೆ ನಿಮ್ಮಿಂದಲೇ ಮಾಲು ಬೇಕು, ಉದ್ರಿ ಬೇಕು. ಮೊಣಕಾಲು ನೋವಿದ್ದರೂ ಬಂದೇ ಬರುತ್ತಾರೆ. ಹೀಗೆ ಬಂದವರ ಹೊಣೆ ಪೂರ್ತಿ ನಿಮ್ಮದು. ಮಾಲೀಕರಿಗೆ ಇದನ್ನು ನೇರವಾಗಿ ಹೇಳಿ.

ಕಠ್ಮಂಡುವನ್ನು ಈ ಸಲ ಬಿಟ್ಟುಬಿಡಿ. ಊರು ಚೆಂದ, ಜನ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಯುವಕರ ಪ್ರತಿಭಟನೆ ಶುರುವಾದ ಮಾರನೇ ದಿನವೇ ಪ್ರಧಾನಿ ರಾಜೀನಾಮೆ ಕೊಟ್ಟರು, ಹಿಲ್ಟನ್ ಹೋಟೆಲ್ ಹೊತ್ತಿ ಉರಿಯಿತು, ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು. ಒಂಟಿ ಪ್ರವಾಸಿ ಹೇಗೋ ಗಡಿ ತಲುಪಿಯಾನು. ನಲವತ್ತು ಜನರನ್ನು, ಅದರಲ್ಲೂ ಅರವತ್ತು ದಾಟಿದವರನ್ನು, ಕರ್ಫ್ಯೂ ನಡುವೆ ಬೆಟ್ಟದ ರಸ್ತೆಯಲ್ಲಿ ಕರೆತರುವುದು ಬೇರೆಯೇ ಮಾತು. ವಾಪಸ್ ಬರುವ ದಾರಿ ಹೀಗೆ ಇದ್ದಕ್ಕಿದ್ದಂತೆ ಮುಚ್ಚಿಹೋಗಬಹುದಾದ ಊರಿಗೆ ದೊಡ್ಡ ಗುಂಪು ಒಯ್ಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊಲಂಬೊ ಅಂದಕೂಡಲೇ 2019ರ ಏಪ್ರಿಲ್ 21 ನೆನಪಾಗುತ್ತದೆ. ಈಸ್ಟರ್ ಭಾನುವಾರ ಬೆಳಿಗ್ಗೆ ಚರ್ಚ್‌ಗಳಲ್ಲಿ, ಶಾಂಗ್ರಿ-ಲಾ, ಸಿನಮನ್ ಗ್ರ್ಯಾಂಡ್, ಕಿಂಗ್ಸ್‌ಬರಿ ಹೋಟೆಲ್‌ಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಚುನಾವಣೆ ಕೆಲಸ ಮುಗಿಸಿ ವಿಶ್ರಾಂತಿಗೆಂದು ಹೋಗಿದ್ದ ನಮ್ಮ ರಾಜ್ಯದವರೂ ಅವರಲ್ಲಿದ್ದರು. ಆ ಸುದ್ದಿ ಬಂದ ದಿನ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಫೋನ್ ಹಿಡಿದು ಕೂತಿದ್ದರೋ! ಹಾಗಂತ ಇವತ್ತಿಗೂ ಆ ಊರಿಗೆ ಹೆದರಬೇಕಿಲ್ಲ. ದೊಡ್ಡ ಹಬ್ಬದ ದಿನಗಳನ್ನು ತಪ್ಪಿಸಿ, ಊರಿಗೆಲ್ಲ ಹೆಸರಾದ ಅತಿ ದೊಡ್ಡ ಹೋಟೆಲೇ ಬೇಕೆಂಬ ಹಟ ಬಿಡಿ. ಇನ್ನು ಮಳೆ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಕೊಲಂಬೊ ವಿಮಾನ ನಿಲ್ದಾಣದಲ್ಲಿ ಭಾರತೀಯರು ಸಿಕ್ಕಿಹಾಕಿಕೊಂಡಿದ್ದರು. ಮೇ ತಿಂಗಳಿಂದ ಮತ್ತೆ ಮುಂಗಾರು. ಫೆಬ್ರವರಿ, ಮಾರ್ಚ್ ಆದರೆ ಅಲ್ಲಿ ಒಣಹವೆ, ನಿಮ್ಮ ಡೀಲರ್‌ಗಳಿಗೂ ಅಂಗಡಿಯಲ್ಲಿ ಬಿಡುವು.

ಪಟ್ಟಾಯದಲ್ಲಿ ನನಗೆ ಭಯವಿರುವುದು ಬಾಂಬಿನದ್ದಲ್ಲ, ನೀರಿನದು. ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲಿ 2025ರ ಜುಲೈನಲ್ಲಿ ಗುಂಡು ಹಾರಿದಾಗ ಎಷ್ಟೋ ಕಂಪನಿಗಳು ಬ್ಯಾಂಕಾಕ್ ಟಿಕೆಟ್ ರದ್ದು ಮಾಡಲು ಓಡಾಡಿದವು. ನಮ್ಮ ರಾಯಭಾರ ಕಚೇರಿ ಹೋಗಬೇಡಿ ಅಂದಿದ್ದು ಗಡಿ ಕಡೆಯ ಕೆಲವು ಪ್ರಾಂತ್ಯಗಳಿಗೆ. ಪಟ್ಟಾಯ ಇರುವ ಚೊನ್‌ಬುರಿ ಅದರಲ್ಲಿರಲಿಲ್ಲ. ಟಿವಿ ನೋಡಿ ನಿರ್ಧರಿಸಬೇಡಿ, ಆ ಸೂಚನೆಯನ್ನು ನಕ್ಷೆ ಇಟ್ಟುಕೊಂಡು ಓದಿ. ಆದರೆ ಪಟ್ಟಾಯ ಎದುರಿನ ದ್ವೀಪ ಕೋರಲ್ ಐಲ್ಯಾಂಡ್‌ನ ಸ್ಪೀಡ್ ಬೋಟ್ ಹತ್ತುವಾಗ ಕೊಂಡಿ ಮುರಿದ ಲೈಫ್ ಜಾಕೆಟ್ ಕೊಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎದೆಯ ಪಟ್ಟಿಯನ್ನು ಗಂಟು ಹಾಕಿಕೊಳ್ಳಿ ಅಂದರು. ಒಪ್ಪದೆ ಗುಂಪನ್ನೆಲ್ಲ ಕೆಳಗಿಳಿಸಿ, ಬೇರೆ ಜಾಕೆಟ್ ತರಿಸಿ, ಒಬ್ಬೊಬ್ಬರ ಕೊಂಡಿ ಎಳೆದು ನೋಡಿದ ಮೇಲೆ ಹತ್ತಿಸಿದೆವು. 2018ರಲ್ಲಿ ಫುಕೆಟ್ ಬಳಿ ದೋಣಿ ಮುಳುಗಿ 47 ಚೀನೀ ಪ್ರವಾಸಿಗರು ಸತ್ತರು. ವಿಯೆಟ್ನಾಮಿನ ಹಾ ಲಾಂಗ್ ಕೊಲ್ಲಿಯಲ್ಲಿ 2025ರ ಜುಲೈನಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಹೋದರು. ಎರಡೂ ಮಾಮೂಲಿ ಪ್ರವಾಸದ ದೋಣಿಗಳೇ.

ರಾತ್ರಿಯ ಪಾರ್ಟಿ ಬಗ್ಗೆಯೂ ಹೇಳಬೇಕು. ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ 2024ರ ನವೆಂಬರ್‌ನಲ್ಲಿ ಮೆಥನಾಲ್ ಎಂಬ ವಿಷ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಪ್ರಾಣ ಕಳೆದುಕೊಂಡರು. ಎಲ್ಲಿಗೇ ಹೋದರೂ ಕುಡಿಯುವವರು ಸೀಲ್ ಮುರಿಯದ ಬಾಟಲಿಯದ್ದನ್ನೇ, ಹೋಟೆಲ್ ಒಳಗೇ ಕುಡಿಯಲಿ. ಬಾಡಿಗೆ ಬೈಕ್ ಬೇಡವೇ ಬೇಡ. ಮತ್ತು ಇನ್ಶೂರೆನ್ಸ್ ಪಾಲಿಸಿಯ ಸಣ್ಣಕ್ಷರ ಓದಿ: ಹಳೇ ಕಾಯಿಲೆ, ಕುಡಿದಾಗ ಆದ ಪೆಟ್ಟು, ನೀರಾಟ ಇವಕ್ಕೆಲ್ಲ ಹಣ ಬಾರದ ಪಾಲಿಸಿಗಳೇ ಹೆಚ್ಚು. ಅಗ್ಗದ ಕೊಟೇಶನ್‌ನಲ್ಲಿ ಕತ್ತರಿ ಬೀಳುವುದು ಇಲ್ಲೇ.

ಮೂರರಲ್ಲಿ ನನ್ನ ಓಟು ಕೊಲಂಬೊಗೆ. ಬೆಂಗಳೂರಿನಿಂದ ನೇರ ವಿಮಾನ, ಒಂದೂವರೆ ತಾಸಿನ ಹಾರಾಟ, ಅನ್ನ-ತೆಂಗಿನಕಾಯಿ ಊಟ. ಯಾರಿಗಾದರೂ ಹುಷಾರು ತಪ್ಪಿದರೆ ಬೇಗ ಮನೆ ಸೇರಿಸಬಹುದು. ಎಲ್ಲರನ್ನೂ ಒಂದೇ ವಿಮಾನದಲ್ಲಿ ಕೂರಿಸಬೇಡಿ, ಎರಡು ತಂಡ ಮಾಡಿ. ಬರುವಾಗ ವಿಮಾನ ಇಳಿದ ರಾತ್ರಿಯೇ ಬಸ್ ಹತ್ತಿಸಬೇಡಿ. ಶಿರಾ-ಹಿರಿಯೂರು ನಡುವೆ ರಾತ್ರಿ ಆಗುವ ಅಪಘಾತಗಳ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಮಲಗಿ ಬೆಳಿಗ್ಗೆ ಹೊರಡಿ.

ಪ್ರಶ್ನೆ: ಕಂಪನಿ ಕಾರ್ಯಕ್ರಮಕ್ಕೆ ಯಜಮಾನರು ದುಬೈಗೆ ಹೊರಟಿದ್ದಾರೆ. ಇನ್ಸುಲಿನ್, ನೋವಿನ ಮಾತ್ರೆ, ಜೊತೆಗೆ ಮನೆಯ ಮಸಾಲೆಪುಡಿ ಕಳಿಸಬಹುದೇ?
– ಗೃಹಿಣಿ, ಚಿತ್ರದುರ್ಗ

ಉತ್ತರ: ಮಸಾಲೆಗೆ ಗಸಗಸೆ ಹಾಕಿದ್ದರೆ ಖಂಡಿತ ಕಳಿಸಬೇಡಿ ತಾಯಿ. ನಮಗೆ ಪಾಯಸದ ಸಾಮಾನು, ಯುಎಇಯಲ್ಲಿ ಅದು ನಿಷಿದ್ಧ ವಸ್ತು, ಜೈಲಿನವರೆಗೂ ಹೋಗಬಹುದು. ನೋವಿನ ಮಾತ್ರೆಯಲ್ಲಿ ಟ್ರಮಡಾಲ್ ಅಥವಾ ಕೋಡೀನ್ ಇದೆಯೇ ಎಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿ. ಇದ್ದರೆ ಮುಂಚಿತ ಅನುಮತಿ ಬೇಕು. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಸಮೇತ. ಹೊನ್ನಾಳಿ ಕಡೆಯ ಹಿರಿಯರೊಬ್ಬರು ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟಿದ್ದರು. ಬೆಲ್ಟ್ ಮೇಲೆ ಹೋಗುವ ಮೊದಲು ಬಿಚ್ಚಿಸಿ ತೆಗೆಸಿದೆ. ವಿಮಾನದ ಹೊಟ್ಟೆಯ ಚಳಿಗೆ ಅದು ಕೆಡಬಹುದು, ಸೂಟ್‌ಕೇಸ್ ತಪ್ಪಿಹೋದರಂತೂ ಕೈಯಲ್ಲಿ ಏನೂ ಇರುವುದಿಲ್ಲ.

ಪ್ರಶ್ನೆ: ಟೂರ್ ಮ್ಯಾನೇಜರ್ ಎಲ್ಲರ ಪಾಸ್‌ಪೋರ್ಟ್ ತಮ್ಮ ಬಳಿ ಇಟ್ಟುಕೊಳ್ಳುತ್ತಾರಂತೆ. ಕೊಡಬೇಕೆ?
– ಉದ್ಯೋಗಿ, ಹರಿಹರ

ಉತ್ತರ: ಚೆಕ್-ಇನ್ ಮಾಡುವಷ್ಟು ಹೊತ್ತು ಕೊಡಿ, ಆಮೇಲೆ ವಾಪಸ್ ಪಡೆದು ರೂಮಿನ ಲಾಕರ್‌ನಲ್ಲಿಡಿ. ನಲವತ್ತು ಪಾಸ್‌ಪೋರ್ಟ್ ಒಂದೇ ಬ್ಯಾಗಿನಲ್ಲಿದ್ದು ಆ ಬ್ಯಾಗ್ ಕಳೆದರೆ ಗುಂಪಿಗೆ ಗುಂಪೇ ಅಲ್ಲಿ ಉಳಿಯಬೇಕಾಗುತ್ತದೆ. ಜೆರಾಕ್ಸ್ ಒಂದು ಬೇರೆ ಚೀಲದಲ್ಲಿ, ಫೋಟೋ ಮೊಬೈಲ್‌ನಲ್ಲಿ, ಇನ್ನೊಂದು ಪ್ರತಿ ಮನೆಯಲ್ಲಿ ಇರಲಿ. ಕಳೆದೇ ಹೋದರೆ ಮೊದಲು ಪೊಲೀಸ್ ದೂರು, ಅದರ ಪ್ರತಿ ಹಿಡಿದು ಭಾರತದ ರಾಯಭಾರ ಕಚೇರಿಗೆ ಹೋಗಿ. ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ.